ಫೋಟೋ ಇಲ್ಲದ ಗುಳಿಗೆ

ಜೈನಾಪುರದ ತವರಿನಲ್ಲಿ ಸುಮಂಗಲಾ ಒಣದ್ರಾಕ್ಷಿಯ ಶೆಡ್ಡಿಗೆ ಕಣ್ಣು ಮುಚ್ಚಿಕೊಂಡು ಹೋದರೂ, ಕೈಯಾಡಿಸಿ ಯಾವುದು ಒಣಗಿದೆ, ಯಾವುದು ಹಸಿ ಎಂದು ಹೇಳುತ್ತಿದ್ದಳು. ಇಬ್ರಾಹಿಂಪುರಕ್ಕೆ ಸೊಸೆಯಾಗಿ ಬಂದ ಮೇಲೆ ಒಮ್ಮೆ, ಒಂದೇ ಒಮ್ಮೆ, ಗ್ಯಾಸ್ ಆರಿಸುವುದನ್ನು ಮರೆತಳು. ಅಂದಿನಿಂದ ಗಂಡ ರಾಜಾರಾಮನದು ಒಂದೇ ಮಾತು: "ಫೋಟೋ ಕಳಸು." ಆರಿಸಿದ ಗ್ಯಾಸು, ಹಾಕಿದ ಬೀಗ, ಮಗಳ ಊಟದ ಡಬ್ಬಿ, ಅಂಗೈ ಮೇಲೆ ಅತ್ತೆಯ ಸಕ್ಕರೆ ಕಾಯಿಲೆಯ ಗುಳಿಗೆ. ಆಫೀಸಿನಲ್ಲಿ ಕೂತ ಅವನಿಗೆ ನೆಮ್ಮದಿ. ಅವಳಿಗೆ ಕೆಲಸದ ಮೇಲೊಂದು ಕೆಲಸ. ಬರಬರುತ್ತ, ಮಾಡಿದ್ದು ನೆನಪಿನಲ್ಲಿ ನಿಲ್ಲದಾಯಿತು. ಮಗಳು ಗೀತಾಂಜಲಿ ಮೊದಲ ಹೆಜ್ಜೆ ಇಟ್ಟದ್ದನ್ನು ನೆನೆದರೂ ಈಗ ಅವಳಿಗೆ ಫೋನಿನ ಪರದೆಯಷ್ಟಗಲವೇ ಕಾಣುತ್ತದೆ.

ಡಿಸೆಂಬರಿನಲ್ಲಿ ರಾಜಾರಾಮ ತರಬೇತಿಗೆಂದು ಚೆನ್ನೈಗೆ ಹೋದಾಗ ಅಲ್ಲಿ ಚಂಡಮಾರುತ ಎದ್ದಿತು. ಅದರ ಮೋಡ ಇಲ್ಲಿಯವರೆಗೂ ಹಬ್ಬಿ, ಮುಂಜಾನೆಯೇ ಕತ್ತಲು, ಚಳಿಗಾಳಿ, ಜಿಟಿಜಿಟಿ ಮಳೆ. ಅವನು ಹೋಟೆಲಿನ ಕಿಟಕಿಯಿಂದ ಅಲೆಗಳ ಫೋಟೋ ಮೇಲೆ ಫೋಟೋ ಕಳಿಸುತ್ತಿದ್ದ. ಮಧ್ಯಾಹ್ನ ಅವನದೇ ಫೋನು ಬಂತು.

"ಅವ್ವನ ಗುಳಿಗಿ ಫೋಟೋ ಎಲ್ಲೈತಿ?"

ಸುಮಂಗಲಾ ಹುಡುಕಿದಳು. ನಿನ್ನೆಯದಿತ್ತು, ಮೊನ್ನೆಯದಿತ್ತು, ಅದೇ ಅಂಗೈ, ಅದೇ ಗುಳಿಗೆ. ಇವತ್ತಿನದಿರಲಿಲ್ಲ.

"ಕೊಟ್ಟೀನಿ ಅನ್ನಸ್ತೈತ್ರಿ."

"ಅನ್ನಸ್ತೈತಿ ಅಂದ್ರ? ಫೋಟೋ ಇಲ್ಲಂದ್ರ ಕೊಟ್ಟಿಲ್ಲ. ಈಗ ಕೊಡು."

ಊಟ ಕಡಿಮೆಯಾದ ದಿನ ಒಂದೇ ಗುಳಿಗೆಗೆ ಬೆವೆತು, ನಡುಗಿ, ನೆಲಕ್ಕೆ ಬಿದ್ದ ಜೀವ ಅತ್ತೆ ಪರಸವ್ವನದು. ಎರಡು ಬಿದ್ದರೆ ಉಳಿಸಿಕೊಳ್ಳುವುದು ಕಷ್ಟವೆಂದು ಡಾಕ್ಟರು ಹೆದರಿಸಿದ್ದರು.

"ಅತ್ತಿ, ಮುಂಜಾನೆ ಗುಳಿಗಿ ತಗೊಂಡ್ರೇನ್ರಿ?"

"ನೀ ಕೊಟ್ಟಿದ್ರ ನುಂಗಿರತೇನಿ. ಎಲ್ಲಾದ್ರದೂ ಫೋಟೋ ತಗಿಯಾಕಿ ನೀ, ನನ್ನ ಕೇಳ್ತಿಯಲ್ಲ ಬೇ!" ಮುದುಕಿ ನಕ್ಕಳು.

ಸುಮಂಗಲಾಗೆ ನಗು ಬರಲಿಲ್ಲ. ಡಬ್ಬಿಯಿಂದ ಗುಳಿಗೆ ತೆಗೆದು ಅಂಗೈ ಮೇಲಿಟ್ಟುಕೊಂಡಳು. ಕಣ್ಣು ಮುಚ್ಚಿದಳು. ಬರಿಯ ಫೋಟೋಗಳು, ಅಂಗೈ, ಅಂಗೈ, ಅಂಗೈ. ಯಾವ ದಿನದ್ದೋ. ತನ್ನ ಮುಂಜಾನೆಯನ್ನೇ ಯಾರೋ ಒರೆಸಿ ಹಾಕಿದಂತೆ ಭಯವಾಯಿತು.

ಕಣ್ಣಿಗೆ ಸಿಗದ್ದು ಕೈಗೆ ಸಿಕ್ಕಿತು. ಭಾರ. ಇವತ್ತು ಮುಂಜಾನೆ, ಮಾಳಿಗೆ ಮೇಲೆ ಒಣಹಾಕಿದ್ದ ಹೊದೆಯುವ ಕೌದಿ ಮಳೆಗೆ ತೊಯ್ದು ಹೆಣಭಾರವಾಗಿತ್ತು; ಎಳೆದು ತಂದು ಹಿಂಡಿ, ಹಾಗೇ ಒಳಗೆ ಬಂದಿದ್ದಳು. ಒದ್ದೆ ಬೆರಳಿಗೆ ಗುಳಿಗೆಯ ಹಿಟ್ಟು ಅಂಟಿತ್ತು. ಗುಳಿಗೆ ಬಾಯಿಗೆ ಹಾಕುವಾಗ ತುಟಿಗೆ ಬೆರಳು ತಾಗಿದೊಡನೆ ಅತ್ತೆ ಚೀರಿದ್ದಳು: "ಯವ್ವಾ, ಕೈ ಎಷ್ಟ ತಣ್ಣಗ ಅದಾವು!"

ಒದ್ದೆ ಕೈಯಲ್ಲಿ ಫೋನು ಮುಟ್ಟಿರಲಿಲ್ಲ. ಅದಕ್ಕೇ ಫೋಟೋ ಇಲ್ಲ.

"ಕೊಟ್ಟೀನ್ರಿ. ಇನ್ನೊಂದು ಕೊಡಂಗಿಲ್ಲ."

"ಗ್ಯಾರಂಟಿ ಏನು?"

"ನಾನ."

ಫೋನನ್ನು ಕಟ್ ಮಾಡಿ ಬೋರಲು ಹಾಕಿ, ಗುಳಿಗೆಯನ್ನು ಡಬ್ಬಿಗೆ ಮರಳಿಸಿದಳು. ಆದರೂ ಹೆದರಿಕೆ ಬಿಡಲಿಲ್ಲ: ನೆನಪಿಲ್ಲದೆ ಮುಂಜಾನೆಯೇ ಎರಡು ಸಲ ಕೊಟ್ಟಿದ್ದರೆ? ಸಕ್ಕರೆ ಇಳಿದರೆ ಬಾಯಿಗೆ ಹಾಕಲೆಂದು ಬೆಲ್ಲದ ಚೂರು ಪಕ್ಕದಲ್ಲಿಟ್ಟುಕೊಂಡು, ಬೆವರುತ್ತದೆಯೋ ಎಂದು ಅತ್ತೆಯ ಹಣೆ ಮುಟ್ಟಿ ಮುಟ್ಟಿ ನೋಡುತ್ತ ಕೂತಳು. ಬೋರಲು ಬಿದ್ದ ಫೋನು ಗುಂಯ್‌ಗುಡುತ್ತಲೇ ಇತ್ತು. ಸಂಜೆಯವರೆಗೂ ಹಣೆ ಒಣಗಿಯೇ ಇತ್ತು.