ಮುಖ ಕೊಟ್ಟು ಮಾತಾಡಿ ಅಂದವಳು

ಹನ್ನೊಂದು ವರ್ಷ ಅವಳು ಮಗ್ಗದ ಕಾರ್ಖಾನೆಯಲ್ಲಿ ನಿಂತವಳು. ಒಂದೇ ಸೂರಿನಡಿ ನಲವತ್ತು ವಿದ್ಯುತ್ ಮಗ್ಗ. ಪಕ್ಕದವಳು ಕಿವಿಗೆ ಬಾಯಿಟ್ಟು ಕೂಗಿದರೂ ಕೇಳದಂಥ ಸದ್ದು. ಅಲ್ಲಿಯ ಹೆಂಗಸರು ತುಟಿ ನೋಡಿಯೇ ಮಾತು ತಿಳಿಯುತ್ತಿದ್ದರು, ಮೇಸ್ತ್ರಿಯನ್ನು ಅವನ ಎದುರೇ ಬೈದು ನಗುತ್ತಿದ್ದರು. ಕಾರ್ಖಾನೆ ಮುಚ್ಚುವ ಹೊತ್ತಿಗೆ ಅವಳ ಬಲಗಿವಿ ಪೂರ್ತಿ ಹೋಗಿ, ಎಡಗಿವಿ ಅರ್ಧ ಉಳಿದಿತ್ತು. ಮುಚ್ಚಿದ ದಿನ ತಾವು ಯಾವ ಕಾಗದಕ್ಕೆ ಸಹಿ ಹಾಕಿದೆವು ಎಂಬುದು ಅಲ್ಲಿನ ಒಬ್ಬರಿಗೂ ಗೊತ್ತಿರಲಿಲ್ಲ. ಕಾನೂನು ಓದಬೇಕೆಂದು ಅವಳಿಗೆ ಅನಿಸಿದ್ದು ಆಗಲೇ. ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ಇದ್ದುಕೊಂಡು, ಬಿಟ್ಟ ಓದನ್ನು ಸಂಜೆ ಕಾಲೇಜಿನಲ್ಲಿ ಮತ್ತೆ ಹಿಡಿದು ಪದವಿ ಪಡೆದು, ಮೂವತ್ತಾರನೆಯ ವಯಸ್ಸಿನಲ್ಲಿ ಎಡಗಿವಿಗೆ ಮಷೀನು ಸಿಕ್ಕಿಸಿಕೊಂಡು ವಿಶ್ವವಿದ್ಯಾಲಯದ ಕಾನೂನು ತರಗತಿಯ ಮೊದಲ ಬೆಂಚಿನಲ್ಲಿ ಬಂದು ಕೂತಳು.

ತರಗತಿಯ ಮಕ್ಕಳು ಅವಳಿಗೆ ‘ಏನಂದ್ರಿ ಅಕ್ಕ’ ಎಂದು ಹೆಸರಿಟ್ಟರು, ಎರಡು ಮಾತಿಗೊಮ್ಮೆ ಅವಳು ಹಾಗೆ ಕೇಳುತ್ತಿದ್ದಳಲ್ಲ. ಅವಳಿಗೆ ಅದರಿಂದ ಬೇಸರವಾಗಲಿಲ್ಲ. ಬೇಸರ ಬೇರೆ ಥರದ್ದು: ದಿನವಿಡೀ ಕಣ್ಣಿಂದ ಕೇಳಿ ಕೇಳಿ ಸಂಜೆಗೆ ತಲೆ ಕಲ್ಲಾಗುತ್ತಿತ್ತು. ಮನೆಗೆ ಬಂದವಳೇ ಮಷೀನು ತೆಗೆದಿಟ್ಟು ಗೋಡೆ ಕಡೆ ತಿರುಗಿ ಮಲಗಿಬಿಡುತ್ತಿದ್ದಳು.

ಮೂರನೇ ವರ್ಷ ವಾದ ಮಂಡನೆಯ ಪಾಠಕ್ಕೆ ಬಂದ ಮೇಷ್ಟ್ರು ಬೋರ್ಡಿಗೆ ಪಾಠ ಹೇಳುವವರು, ತರಗತಿಗಲ್ಲ. ಅವಳು ಡಾಕ್ಟರ ಚೀಟಿ ಸೇರಿಸಿ ಒಂದು ಅರ್ಜಿ ಬರೆದುಕೊಟ್ಟಳು: ಮಾತಾಡುವಾಗ ದಯವಿಟ್ಟು ಈ ಕಡೆ ತಿರುಗಿ, ಆಗುವುದಾದರೆ ಕೊರಳಿಗೆ ಸಣ್ಣ ಮೈಕು ಹಾಕಿಕೊಳ್ಳಿ ಎಂದು. ಮೇಷ್ಟ್ರು ಅದನ್ನು ಇಡೀ ತರಗತಿಗೆ ಓದಿ ಹೇಳಿದರು.

“ನಿಮ್ಮೊಬ್ಬರಿಗೋಸ್ಕರ ನಾನು ಗೊಂಬೆ ಥರ ನಿಂತ್ಕೋಬೇಕೇನಮ್ಮ? ನಾಳೆ ಕೋರ್ಟಲ್ಲಿ ನ್ಯಾಯಾಧೀಶರಿಗೂ ಅರ್ಜಿ ಕೊಡ್ತೀರಾ?”

ನಗು ಅವಳಿಗೆ ಕೇಳಿಸಲಿಲ್ಲ. ಹಿಂತಿರುಗಿ ನೋಡಿದಾಗ ಹಲ್ಲುಗಳು ಕಂಡವು.

ಮೌಖಿಕ ಪರೀಕ್ಷೆಯ ದಿನ ಅವರು ಪ್ರಶ್ನೆಯ ಹಾಳೆಯನ್ನು ಬಾಯಿಗೆ ಅಡ್ಡ ಹಿಡಿದೇ ಓದಿದರು. ಅವಳು ಮೂರು ಸಲ ಮತ್ತೆ ಹೇಳಿ ಎಂದು ಕೇಳಿದಳು. ನಾಲ್ಕನೇ ಸಲ ಊಹೆಯ ಮೇಲೆ ಉತ್ತರ ಕೊಟ್ಟಳು. ಐವತ್ತಕ್ಕೆ ಒಂಬತ್ತು ಬಂತು. ಪಕ್ಕದಲ್ಲಿ ಒಂದು ಷರಾ, ‘ಈ ವೃತ್ತಿಗೆ ಯೋಗ್ಯರಲ್ಲ.’

ಆಮೇಲೆ ಶುರುವಾಯಿತು ಅಲೆದಾಟ. ವಿಭಾಗದ ಮುಖ್ಯಸ್ಥರು “ದೊಡ್ಡವರ ಜೊತೆ ಯಾಕಮ್ಮ ಹಟ, ಮುಂದಿನ ಸಲ ಪರೀಕ್ಷೆಗೆ ಕೂತ್ಕೊಳ್ಳಿ” ಎಂದರು. ಪರೀಕ್ಷಾ ವಿಭಾಗದ ಗುಮಾಸ್ತ ಗಾಜಿನ ಹಿಂದೆ ತಲೆ ಬಗ್ಗಿಸಿಕೊಂಡೇ ಏನೋ ಅಂದ. ಕೊನೆಗೆ ಬೆರಳು ತೋರಿಸಿದ ಕಡೆ ಹೋದರೆ ಅದು ಮತ್ತೆ ಮುಖ್ಯಸ್ಥರ ಬಾಗಿಲು.

“ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗಾಯ್ತು,” ಎಂದಳು ಅಕ್ಕ. “ಬಿಟ್ಟುಬಿಡೇ. ನಿನ್ನ ಮುಖ ನೋಡೋಕಾಗ್ತಿಲ್ಲ.”

“ಬಿಡ್ತೀನಿ ಕಣೆ. ಇನ್ನೊಂದು ಬಾಗಿಲು ಉಳಿದಿದೆ.”

ಆ ಬಾಗಿಲು ನೆಲಮಹಡಿಯ ತುದಿಯಲ್ಲಿ, ಕಾಲು ಮುರಿದ ಕುರ್ಚಿಗಳನ್ನು ಒಟ್ಟಿದ್ದ ಜಾಗದ ಪಕ್ಕದಲ್ಲಿತ್ತು. ಹೊರಗೆ ‘ವಿದ್ಯಾರ್ಥಿ ನೆರವು’ ಎಂಬ ಫಲಕ. ಒಳಗಿದ್ದ ಅಧಿಕಾರಿ ನಿವೃತ್ತಿಯ ಅಂಚಿನಲ್ಲಿದ್ದ ಹೆಂಗಸು. ಇವಳು ಬಾಯಿ ತೆರೆಯುವ ಮೊದಲೇ ಕಿವಿಯ ಮಷೀನು ಕಂಡು, ಆಕೆ ಎದ್ದು ತನ್ನ ಕುರ್ಚಿಯನ್ನು ಕಿಟಕಿಗೆ ಎದುರಾಗಿ ಎಳೆದುಕೊಂಡು ಕೂತರು.

“ನನ್ನ ಮುಖ ಕಾಣ್ತಿದೆಯಾ? ಇಷ್ಟು ಬೆಳಕು ಸಾಕಾ?”

ಅವಳು ತಲೆಯಾಡಿಸಿದಳು. ಕೂತು, ಚೀಲದಿಂದ ಕಾಗದಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟಳು. ಆಕೆ ಅವಸರ ಮಾಡಲಿಲ್ಲ.

ಎಲ್ಲ ಕೇಳಿದ ಮೇಲೆ ಆಕೆ ಹೇಳಿದರು: “ನೋಡಮ್ಮ, ಗೆದ್ದೇ ಗೆಲ್ತೀವಿ ಅಂತ ನಾನು ಹೇಳೋಲ್ಲ. ಇಲ್ಲಿ ಕೂತು ಬಹಳ ಸಲ ಸೋತಿದೀನಿ. ಆದ್ರೆ ಇನ್ಮೇಲೆ ನೀವೊಬ್ಬರೇ ಅಲೆಯೋದು ಬೇಡ. ಈಗ ತಾರೀಕು ಹೇಳಿ, ಬರಕೊಳ್ತೀನಿ.”

ತಾರೀಕುಗಳನ್ನು ಬರೆಯುವುದಕ್ಕೇ ಮೂರು ಮಧ್ಯಾಹ್ನ ಹಿಡಿಯಿತು. ದೂರಿಗೆ ಸಾಕ್ಷಿ ಬೇಕಿತ್ತು. ಬೆಕ್ಕಿಗೆ ಗಂಟೆ ಕಟ್ಟಲು ತರಗತಿಯಲ್ಲಿ ಯಾರೂ ಮುಂದೆ ಬರಲಿಲ್ಲ. ಎಲ್ಲರ ಅಂಕವೂ ಅದೇ ಮೇಷ್ಟ್ರ ಕೈಯಲ್ಲಿತ್ತು. ವಾರ ಕಳೆದ ಮೇಲೆ, ಬೆಂಚಿನಲ್ಲಿ ಪಕ್ಕ ಕೂರುತ್ತಿದ್ದ ಹುಡುಗಿ ನೆರವಿನ ಕೋಣೆಗೆ ಬಂದು ತನ್ನ ನೋಟ್‌ಬುಕ್ ಮೇಜಿನ ಮೇಲಿಟ್ಟಳು. ಅರ್ಜಿ ಓದಿದ ದಿನ ಮೇಷ್ಟ್ರು ಆಡಿದ ಮಾತು ಅದರಲ್ಲಿ ಪಾಠದ ನಡುವೆಯೇ ಬರೆದಿತ್ತು. ಆ ಹುಡುಗಿಗೆ ಮೇಷ್ಟ್ರ ಬಾಯಿಂದ ಬಿದ್ದದ್ದೆಲ್ಲ ಬರೆಯುವ ಚಾಳಿ.

“ಅವತ್ತು ನಾನೂ ನಕ್ಕಿದ್ದೆ ಅಕ್ಕ,” ಎಂದಳು, ಮುಖ ಎತ್ತಿ, ತುಟಿ ಕಾಣುವಂತೆ.

“ಗೊತ್ತು,” ಎಂದಳು ಇವಳು. “ಕೂತ್ಕೋ.”

ವಿಚಾರಣೆ ಎರಡು ಸಲ ಮುಂದೆ ಹೋಗಿ ಮೂರನೇ ಸಲ ನಡೆಯಿತು. ಉದ್ದ ಮೇಜಿನ ಆ ಬದಿಯಲ್ಲಿ ವಿಶ್ವವಿದ್ಯಾಲಯದ ದೂರು ಸಮಿತಿಯ ಮೂವರು ಸದಸ್ಯರು. ಆಡಿದ ಮಾತನ್ನೆಲ್ಲ ಪರದೆಯ ಮೇಲೆ ಬೆರಳಚ್ಚು ಮಾಡಲೇಬೇಕು ಎಂದು ನೆರವಿನ ಅಧಿಕಾರಿ ಪಟ್ಟು ಹಿಡಿದು, ಒಬ್ಬ ಬೆರಳಚ್ಚುಗಾರನನ್ನು ಕೂರಿಸಿ, ತಾವು ಇವಳ ಎಡಕ್ಕೆ ಕೂತರು.

ಮೇಷ್ಟ್ರು ಶಾಂತವಾಗಿಯೇ ಹೇಳಿದರು: “ನಾನು ಯಾರಿಗೂ ಭೇದ ಮಾಡಿದವನಲ್ಲ. ಎಲ್ಲರನ್ನೂ ಒಂದೇ ಥರ ನೋಡ್ತೀನಿ.”

ಪರದೆಯ ಮೇಲೆ ಆ ಸಾಲು ಮೂಡುವವರೆಗೆ ಅವಳು ಕಾದಳು. “ನೋಡಿದ್ರೆ ಸಾಕಿತ್ತು ಸರ್,” ಎಂದಳು. “ಈ ಕಡೆ ನೋಡಿ ಅಂತ ತಾನೇ ನಾನು ಅರ್ಜಿ ಕೊಟ್ಟಿದ್ದು.”

ಸದಸ್ಯರಲ್ಲಿ ಒಬ್ಬರು ಪೆನ್ನು ಕೆಳಗಿಟ್ಟರು.

ಆದೇಶ ಬರಲು ಇನ್ನೂ ಏಳು ವಾರ ಹಿಡಿಯಿತು. ಷರಾ ಹೊಡೆದುಹಾಕಿದರು. ಬೇರೆ ಪರೀಕ್ಷಕರ ಮುಂದೆ ಮರುಪರೀಕ್ಷೆ, ಪ್ರಶ್ನೆ ಬರಹದಲ್ಲಿ. ವಿದ್ಯಾರ್ಥಿ ಯಾರಾದರೂ ಕೇಳಿಕೊಂಡರೆ ಆ ತರಗತಿಯಲ್ಲಿ ಮೈಕು ಕಡ್ಡಾಯ. ಮೇಷ್ಟ್ರಿಗೆ ‘ಎಚ್ಚರಿಕೆಯಿಂದಿರಲು ಸಲಹೆ’. ಕ್ಷಮೆಯ ಮಾತು ಎಲ್ಲೂ ಇರಲಿಲ್ಲ. ಅಷ್ಟರಲ್ಲಿ ಅವಳ ತರಗತಿಯವರು ಪದವಿ ಮುಗಿಸಿ ಹೊರಟುಹೋಗಿದ್ದರು. ಅವಳಿಗೆ ಒಂದು ವರ್ಷ ಹಾಳಾಗಿತ್ತು.

“ಇಷ್ಟಕ್ಕೆ ಅಷ್ಟೊಂದು ಓಡಾಡಿದ್ಯಾ?” ಎಂದಳು ಅಕ್ಕ, ಕಾಗದವನ್ನು ಎರಡು ಸಲ ಓದಿ.

“ಇಷ್ಟೂ ಇರಲಿಲ್ವಲ್ಲೇ.”

ಮರುಪರೀಕ್ಷೆಯಲ್ಲಿ ಐವತ್ತಕ್ಕೆ ಮೂವತ್ತೊಂದು ಬಂತು. ಭಾರೀ ಅಂಕವೇನಲ್ಲ, ಆದರೆ ಅವಳದೇ. ಅಂಕಪಟ್ಟಿ ತೋರಿಸಲು ಹೋದಾಗ ನೆರವಿನ ಅಧಿಕಾರಿ ಕಪಾಟು ಖಾಲಿ ಮಾಡುತ್ತಿದ್ದರು. ಅದು ಅವರ ಕೊನೆಯ ತಿಂಗಳು. ಅವಳು ಅಂಕಪಟ್ಟಿಯನ್ನು ಮೇಜಿನ ಮೇಲಿಟ್ಟಳು.

“ಸಾಕಾಗಿಹೋಗಿದೆ ಮೇಡಂ,” ಎಂದಳು.

“ನನಗೂ,” ಎಂದರು ಅವರು. ಇಬ್ಬರೂ ಕೂತು ಫೈಲುಗಳನ್ನು ದಾರ ಕಟ್ಟಿ ಪೆಟ್ಟಿಗೆಗೆ ತುಂಬಿದರು.

ಈಗ ಅವಳು ಕಾರ್ಮಿಕರ ಸಂಘದ ಕಚೇರಿಯಲ್ಲಿ ವಾರಕ್ಕೆ ಮೂರು ದಿನ ಕೂರುತ್ತಾಳೆ. ಸಹಿ ಹಾಕುವ ಮೊದಲು ಕಾಗದ ತಂದು ತೋರಿಸುವವರಿಗೆ ಓದಿ ಹೇಳುವುದು ಅವಳ ಕೆಲಸ. ಕೋರ್ಟಿನ ಕಡೆ ಇನ್ನೂ ಕಾಲಿಟ್ಟಿಲ್ಲ. ಹೋಗಬೇಕು, ಆದರೆ ಈ ವರ್ಷ ಬೇಡ ಎನ್ನುತ್ತಾಳೆ.