ಓಲೀಟಾ ಕಟ್ಟಿದ ಕೂದಲ ಗಾಳ

ನನ್ನ ಹೆಂಡತಿ ಓಲೀಟಾಳ ಬಗ್ಗೆ ನಾಲ್ಕು ಮಾತು ಬರೆಯೋಣವೆಂದು ಕೂತರೆ ಮೊದಲು ಗಾರ್ಲಂಡ್ ಸಿಸ್ಕನ ಹೆಸರು ಬರುತ್ತದೆ. ನನ್ನ ಹೊಟ್ಟೆ ಉರಿಯುವುದಕ್ಕೆ ಇಷ್ಟೇ ಸಾಕು. ಗಾರ್ಲಂಡ್ ನಮ್ಮ ಕಣಿವೆಯಲ್ಲಿ ಮೂವತ್ತು ವರ್ಷ ಟಪಾಲು ಹಂಚಿದವನು. ನಾನು, ಆರ್ಲಿಸ್ ಪ್ರೂಯಿಟ್, ಅವನು ಓಡಾಡಿದ ಜಲ್ಲಿರಸ್ತೆಗಳನ್ನು ಸರ್ಕಾರಿ ಯಂತ್ರದಲ್ಲಿ ಮಟ್ಟ ಮಾಡಿದವನು. ಇಬ್ಬರೂ ಬ್ರಷಿ ಫೋರ್ಕ್ ಹಳ್ಳದಲ್ಲಿ ಕಂದುಮೀನು ಹಿಡಿಯುತ್ತಲೇ ಮುದುಕರಾದೆವು. ಪುಸ್ತಕದವರು ಅದನ್ನು ಸ್ಮಾಲ್‌ಮೌತ್ ಬಾಸ್ ಅನ್ನುತ್ತಾರೆ. ಮಿಸೌರಿಯ ಈ ಗುಡ್ಡಗಳಲ್ಲಿ ಹಾಗೆಂದರೆ ನಿಮ್ಮನ್ನು ಪಟ್ಟಣದವರು ಅಂದುಕೊಳ್ಳುತ್ತಾರೆ.

ಸೇತುವೆ ಪಕ್ಕದ ಅಂಗಡಿಯ ಗೋಡೆಗೆ ಒಂದು ಕರಿಹಲಗೆ ಇದೆ. ಹಳ್ಳದಲ್ಲಿ ಸಿಕ್ಕ ಅತಿ ದೊಡ್ಡ ಕಂದುಮೀನಿನ ಉದ್ದವನ್ನೂ ಹಿಡಿದವರ ಹೆಸರನ್ನೂ ಅದರ ಮೇಲೆ ಬರೆಯುತ್ತಾರೆ. ಹಿಡಿದವನು ತಾನೇ ಅಳೆಯುವಂತಿಲ್ಲ. ಜೊತೆಗಿದ್ದವನು ದೋಣಿಯ ಹುಟ್ಟಿನ ಮೇಲಿನ ಗೆರೆಗಳಿಗೆ ಮೀನನ್ನು ಹಿಡಿದು ಅಳೆಯಬೇಕು, ನೀರಿಗೆ ಬಿಡಬೇಕು, ಅಂಗಡಿಗೆ ಬಂದು ಹೇಳಬೇಕು. ಅವನ ಬಾಯಿಮಾತೇ ದಾಖಲೆ. ಹನ್ನೊಂದು ವರ್ಷ ಆ ಹಲಗೆಯ ಮೇಲೆ ಇದ್ದದ್ದು ನನ್ನ ಹೆಸರು: ಇಪ್ಪತ್ತೂವರೆ ಇಂಚು. ಕಾಫಿ ಬೇಡದಿದ್ದ ದಿನವೂ ಕಾಫಿಯ ನೆಪದಲ್ಲಿ ಹೋಗಿ ಅದನ್ನು ನೋಡಿಕೊಂಡು ಬರುತ್ತಿದ್ದೆ.

ನನ್ನ ಗಾಳಗಳನ್ನು ನಾನೇ ಮಾಡುತ್ತೇನೆ. ಹಳೇ ಬಾಣಲೆಯಲ್ಲಿ ಸೀಸ ಕರಗಿಸಿ, ಅಚ್ಚಿಗೆ ಸುರಿದು, ಗಾಳಕ್ಕೆ ಸೀಸದ ತಲೆ ಕೂರಿಸಿ, ಅಳಿಲಿನ ಬಾಲದ ಕೂದಲನ್ನು ದಾರದಿಂದ ಸುತ್ತಿ ಬಿಗಿಯುವುದು. ನೀರಿನಡಿ ಕುಪ್ಪಳಿಸಿದರೆ ಮೀನಿಗೆ ಅದು ಹಳ್ಳದ ಸೀಗಡಿಯಂತೆ ಕಾಣಬೇಕು. ಗಾರ್ಲಂಡನಿಗೆ ಈ ಕೆಲಸ ಒಂದಿಷ್ಟೂ ಬರುತ್ತಿರಲಿಲ್ಲ. ಅಂಗಡಿಯ ರಬ್ಬರ್ ಹುಳು ಕಟ್ಟಿಕೊಂಡು ಬರುತ್ತಿದ್ದ, ನಾನು ಐದು ಹಿಡಿದರೆ ಅವನು ಒಂದು ಹಿಡಿಯುತ್ತಿದ್ದ, ನಮ್ಮ ಸ್ನೇಹ ಚೆನ್ನಾಗಿತ್ತು.

ಮೂರು ವರ್ಷದ ಕೆಳಗೆ ಅವನೂ ಕೂದಲ ಗಾಳ ಹಿಡಿದು ಬಂದ. ಅವತ್ತಿನಿಂದ ಲೆಕ್ಕ ತಿರುಗಿತು. ನಾನು ಎಸೆದು ಎಸೆದು ಸೋತ ಬಂಡೆಯ ಪಕ್ಕದಲ್ಲೇ ಅವನು ಮೀನೆತ್ತುತ್ತಿದ್ದ. ಯಾರು ಕಟ್ಟಿದ್ದೆಂದು ಕೇಳಿದರೆ ಕಟ್ಟೋರು ಕಟ್ಟಿದಾರೆ ಅಂದು ಟೋಪಿ ಸರಿಮಾಡಿಕೊಳ್ಳುತ್ತಿದ್ದ. ಎರಡು ಸಲ ನಾನು ಮೈಗೆ ಹುಷಾರಿಲ್ಲವೆಂದು ಸುಳ್ಳು ಹೇಳಿ ಅವನ ಜೊತೆ ಹೋಗುವುದನ್ನು ತಪ್ಪಿಸಿಕೊಂಡೆ. ಒಮ್ಮೆ ಅವನು ಜಾರಿ ನೀರಿಗೆ ಬಿದ್ದ. ನನಗಾದ ಸಂತೋಷವನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಗಿದ್ದು ನಿಜ.

ಕಳೆದ ನವೆಂಬರಿನಲ್ಲಿ ಹಳ್ಳದ ನೀರು ಇಳಿದಾಗ ಒಂದು ಮರದ ಬೇರಿನಲ್ಲಿ ಅವನ ಗಾಳವೊಂದು ಸಿಕ್ಕಿಕೊಂಡಿದ್ದನ್ನು ಕಂಡೆ. ಬೇರಿಗೆ ಸಿಕ್ಕಿದ್ದು ಕಂಡವನಿಗೆ ಸೇರುತ್ತದೆ. ಮನೆಗೆ ತಂದು, ಅಡುಗೆಮನೆಯ ಕಿಟಕಿಯ ಬಳಿ ಗಾಳವನ್ನು ಅಲುಗದಂತೆ ಕಚ್ಚಿ ಹಿಡಿಯುವ ನನ್ನ ಪುಟ್ಟ ಹಿಡಿಕೆಗೆ ಸಿಕ್ಕಿಸಿ, ಸೂಜಿಯಿಂದ ಒಂದೊಂದೇ ಸುತ್ತು ಬಿಚ್ಚಿದೆ. ನಾನು ಚಿಟಿಕೆ ತುಂಬ ಹಾಕುವ ಕಡೆ ಬರೀ ಮೂವತ್ತು ಎಳೆ ಕೂದಲು. ಅದಕ್ಕಿಂತ ಹೆಚ್ಚಾಗಿ, ದಾರದ ಸುತ್ತು ಉಲ್ಟಾ. ನಾವೆಲ್ಲ ಸುತ್ತುವ ದಿಕ್ಕಿಗೆ ಸರಿಯಾಗಿ ವಿರುದ್ಧ.

ಗುಟ್ಟು ಸಿಕ್ಕಿತು ಅಂದುಕೊಂಡೆ. ಉಲ್ಟಾ ಸುತ್ತಿದರೆ ಕೂದಲು ನೀರಿನಲ್ಲಿ ಬೇರೆ ಥರ ತಿರುಗುತ್ತದೆ, ಮೀನು ಮರುಳಾಗುತ್ತದೆ, ಗಾರ್ಲಂಡ್ ಎಂಥ ಕಳ್ಳ. ಚಳಿಗಾಲವಿಡೀ ಕೂತು ಉಲ್ಟಾ ಸುತ್ತುವುದನ್ನು ಕಲಿತೆ. ದಾರ ಹರಿಯಿತು, ಬೆರಳಿಗೆ ಗಾಳ ಚುಚ್ಚಿತು, ಬೈಗುಳ ಧಾರಾಳವಾಗಿ ಬಂತು. ಓಲೀಟಾ ಅದೇ ಮೇಜಿನ ಆಚೆ ತುದಿಯಲ್ಲಿ ಬೀನ್ಸ್ ಆರಿಸುತ್ತ ಕೂತಿರುತ್ತಿದ್ದಳು. ಒಂದೆರಡು ಸಲ ಅವಳ ತುಟಿ ಅಲುಗಿತು, ಹಲ್ಲುನೋವೇನೋ ಅಂದುಕೊಂಡೆ. ನಮ್ಮ ಮನೆಯಲ್ಲಿ ಅವಳ ಮಾತು ಮೊದಲಿನಿಂದಲೂ ಕಡಿಮೆ. ಅವಳ ಸ್ವಭಾವವೇ ಹಾಗೆ ಎಂದು ನಲವತ್ತೊಂದು ವರ್ಷ ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ.

ಅವಳ ಅಪ್ಪ ಮರ ಕೊಯ್ಯುವ ಮಿಲ್ಲಿನಲ್ಲಿದ್ದ. ಶಾಲೆಯಲ್ಲಿ ಎಡಗೈಯಲ್ಲಿ ಬರೆದಳೆಂದು ಮೇಷ್ಟರು ಆ ಕೈಯನ್ನು ಕುರ್ಚಿಗೆ ಕಟ್ಟಿ ಕೂರಿಸುತ್ತಿದ್ದರಂತೆ. ಬಿಚ್ಚಿದ ಕೂಡಲೇ ಮತ್ತೆ ಅದೇ ಕೈಯಲ್ಲಿ ಬರೆಯುತ್ತಿದ್ದಳಂತೆ. ಮದುವೆಯಾದ ಮೇಲೆ ಇಪ್ಪತ್ತಾರು ವರ್ಷ ಪಟ್ಟಣದ ಶರ್ಟ್ ಕಾರ್ಖಾನೆಯಲ್ಲಿ ಹೊಲಿದಳು. ಕಾರ್ಖಾನೆ ಮುಚ್ಚಿದ ಮೇಲೆ ಪ್ರತಿ ಮಂಗಳವಾರ ಗಾರ್ಲಂಡನ ಹೆಂಡತಿ ವೆಸ್ಟಾ ಹತ್ತಿರ ಹೋಗಿ ಕೂರುತ್ತಿದ್ದಳು. ವೆಸ್ಟಾಳ ಸೊಂಟದ ಮೂಳೆ ಮುರಿದು ಎದ್ದು ಓಡಾಡುವ ಹಾಗಿರಲಿಲ್ಲ.

ಮಾರ್ಚಿನ ಒಂದು ಬೆಳಿಗ್ಗೆ ನನ್ನ ಅಂಗಿಯ ಗುಂಡಿ ಕಿತ್ತುಹೋಗಿತ್ತು. ಅಂಗಿ ಮೈಮೇಲಿದ್ದ ಹಾಗೆಯೇ ಓಲೀಟಾ ಗುಂಡಿ ಹೊಲಿದಳು. ಕೊನೆಗೆ ಗುಂಡಿಯ ಬುಡಕ್ಕೆ ದಾರವನ್ನು ಆರು ಸಲ ಸುತ್ತಿ ಬಿಗಿದಳು. ನನ್ನ ಗಲ್ಲದ ಕೆಳಗೇ ನಡೆಯುತ್ತಿತ್ತು, ಕಣ್ಣಿಗೆ ಬಿತ್ತು. ಉಲ್ಟಾ ಸುತ್ತು. ಇಡೀ ಚಳಿಗಾಲ ನಾನು ಅವಳ ಎದುರಿಗೇ ಕೂತು ಅವಳ ಕೈಯನ್ನೇ ನಕಲು ಮಾಡಿದ್ದೆ.

ಅವತ್ತು ಮಂಗಳವಾರವೇ. ಅವಳು ಹೋದ ಅರ್ಧ ಗಂಟೆಗೆ ನಾನೂ ಗಾಡಿ ತೆಗೆದೆ. ಏನೇನು ಯೋಚನೆ ಬಂತೋ ಅದನ್ನೆಲ್ಲ ಬರೆಯುವುದಿಲ್ಲ, ಅರವತ್ತೇಳು ವರ್ಷದವನಿಗೆ ಬರಬಾರದ ಯೋಚನೆಗಳು. ಸಿಸ್ಕನ ಮನೆಯ ಅಂಗಳಕ್ಕೆ ಬರುವ ಹೊತ್ತಿಗೆ ಒಳಗಿಂದ ನಗು ಕೇಳಿಸಿತು. ಬಾಗಿಲ ಜಾಲರಿಯಿಂದ ನೋಡಿದೆ. ವೆಸ್ಟಾ ದಿಂಬಿಗೊರಗಿ ಕೂತಿದ್ದಳು, ಗಾರ್ಲಂಡ್ ಒಲೆಯ ಮುಂದೆ ಬೀನ್ಸ್ ಕಲಕುತ್ತಿದ್ದ, ಓಲೀಟಾ ಮೇಜಿನ ಬಳಿ ಗಾಳ ಕಟ್ಟುತ್ತ ಕಾರ್ಖಾನೆಯ ಮೇಲ್ವಿಚಾರಕ ತನ್ನ ಟೈಯನ್ನೇ ಹೊಲಿಗೆ ಯಂತ್ರಕ್ಕೆ ಸಿಕ್ಕಿಸಿಕೊಂಡ ಕಥೆ ಹೇಳುತ್ತಿದ್ದಳು. ಅವನ ದನಿ ಅನುಕರಿಸುತ್ತಿದ್ದಳು. ನಾನು ಆ ಕಥೆ ಕೇಳಿಯೇ ಇರಲಿಲ್ಲ. ಒಳಗೆ ಕಾಲಿಟ್ಟೆ, ಮಾತು ನಿಂತಿತು. ಮೀನು, ಗಾಳ, ಕರಿಹಲಗೆ ಎಲ್ಲವೂ ಆಗ ಮರೆತುಹೋಯಿತು. ಆ ಅರ್ಧಕ್ಕೆ ನಿಂತ ಕಥೆಗಾಗಿ ಹೊಟ್ಟೆ ಉರಿದಷ್ಟು ಯಾವುದಕ್ಕೂ ಉರಿದಿಲ್ಲ.

"ನನಗ್ಯಾಕೆ ಕಟ್ಟಲಿಲ್ಲ?" ಅಂದೆ.

"ಕಟ್ಟಿದ್ದೆ. ಒಂದು," ಅಂದಳು.

ನೆನಪಾಯಿತು. ಮದುವೆಯಾದ ಮೊದಲ ವರ್ಷ. ಅವಳು ಕಟ್ಟಿದ ಗಾಳವನ್ನು ನಾಯಿಯ ಕೊರಳಪಟ್ಟಿಗೆ ನೇತುಹಾಕಿ, ಇದನ್ನ ನೋಡಿದ್ರೆ ಮೀನು ನಕ್ಕು ನಕ್ಕೇ ಸಾಯುತ್ತೆ ಎಂದು ನನ್ನ ತಮ್ಮಂದಿರನ್ನು ನಗಿಸಿದ್ದೆ. ಅವಳೂ ನಕ್ಕಿದ್ದಳು. ಆಮೇಲೆ ಗಾಳ ಕಟ್ಟುವ ಆ ಹಿಡಿಕೆಯ ಮುಂದೆ ಕೂತಿರಲಿಲ್ಲ. ಇಲ್ಲಿ ವೆಸ್ಟಾಳಿಗೆ ಹೊತ್ತು ಹೋಗಲೆಂದು ಒಂದು ಕಟ್ಟಿ ತೋರಿಸಿದಳಂತೆ. ಗಾರ್ಲಂಡ್ ಅದರಲ್ಲಿ ಮೀನು ಹಿಡಿದು ಬಂದು, ಟೋಪಿ ತೆಗೆದು, ಇನ್ನೊಂದು ಕಟ್ಟಿಕೊಡ್ತೀರಾ ಎಂದು ಕೇಳಿದನಂತೆ. ಯಾರಿಗೂ ಹೇಳಬೇಡಿ ಅಂದವಳು ಅವಳೇ. ಗಾರ್ಲಂಡ್ ನನಗೆ ಕಾಫಿ ಬಗ್ಗಿಸಿಕೊಟ್ಟ. ನಾನು ಕುಡಿಯಲಿಲ್ಲ.

ಎರಡು ವಾರ ಮುಖ ಗಂಟು ಹಾಕಿಕೊಂಡಿದ್ದೆ. ಕೊನೆಗೆ, ಊಟ ಮಾಡುವಾಗ, ನನಗೂ ಒಂದು ಕಟ್ಟಿಕೊಡು ಅಂದೆ.

"ಕೊಡ್ತೀನಿ. ಆದ್ರೆ ನನ್ನನ್ನೂ ಹಳ್ಳಕ್ಕೆ ಕರ್ಕೊಂಡು ಹೋಗು," ಅಂದಳು. "ನಾನು ಕಟ್ಟಿದ್ದನ್ನ ಮೀನು ಕಚ್ಚೋದು ಹೇಗಿರುತ್ತೆ ಅಂತ ನಾನೇ ನೋಡಿಲ್ಲ. ಗಾರ್ಲಂಡ್ ಕರೆದಿದ್ದ. ನೀನು ಕರೀಬೇಕು ಅಂತಿತ್ತು ನಂಗೆ."

ಮೇ ಕೊನೆಯ ಶನಿವಾರ ಮೀನಿನ ಕಾಲ ಶುರುವಾಯಿತು. ಚಪ್ಪಟೆ ತಳದ ದೋಣಿಯಲ್ಲಿ ಅವಳನ್ನು ಮುಂದೆ ಕೂರಿಸಿ ಹಿಂದೆ ನಾನು ಹುಟ್ಟು ಹಾಕಿದೆ. ಅವಳ ಮೊದಲ ಎಸೆತ ಮರಕ್ಕೆ, ಎರಡನೆಯದು ನನ್ನ ಟೋಪಿಗೆ. ನನಗೆ ಒಳಗೊಳಗೇ ಹಾಯೆನಿಸಿತು. ಒಂಬತ್ತರ ಹೊತ್ತಿಗೆ ಬಂಡೆಯ ನೆರಳಿನಲ್ಲಿ ಅವಳ ಗಾಳ ಸದ್ದಿಲ್ಲದೆ ಇಳಿಯಿತು. ಕೋಲು ನೀರಿನವರೆಗೆ ಬಾಗಿತು. ಮೀನು ಕೆಳಕ್ಕೆ ಎಳೆಯಿತು, ಮೇಲಕ್ಕೆ ನೆಗೆಯಿತು, ಎರಡು ಸಲ ದೋಣಿಯ ಅಡಿಗೆ ನುಗ್ಗಿತು. ಓಲೀಟಾ ಬಿಡಬೇಕಾದಾಗ ದಾರ ಬಿಟ್ಟಳು, ಎಳೆಯಬೇಕಾದಾಗ ಎಳೆದಳು. ನಾನು ಕೆಳದವಡೆಗೆ ಬೆರಳು ಹಾಕಿ ಎತ್ತಿದೆ. ಹುಟ್ಟಿನ ಗೆರೆಗೆ ಹಿಡಿದೆ.

ಇಪ್ಪತ್ತೊಂದೂ ಕಾಲು ಇಂಚು.

"ಎಷ್ಟು?" ಎಂದು ಕೇಳಿದಳು.

"ಇಪ್ಪತ್ತು," ಅಂದೆ.

ಬಾಯಿಂದ ಅದು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು. ಅವಳು ಮೀನನ್ನು ನೋಡಿದಳು, ನನ್ನನ್ನು ನೋಡಿದಳು, ಸರಿ ಬಿಡು ಅಂದಳು. ಬಿಟ್ಟೆ. ಮೀನು ಹೋಯಿತು, ಸಾಕ್ಷಿಯೂ ಹೋಯಿತು. ಮಧ್ಯಾಹ್ನದವರೆಗೆ ಹಳ್ಳದಲ್ಲಿದ್ದೆವು, ಅವಳು ಇನ್ನೊಂದು ಮಾತಾಡಲಿಲ್ಲ.

ಅಂಗಡಿಯಲ್ಲಿ ಐದಾರು ಜನರಿದ್ದರು, ಗಾರ್ಲಂಡನೂ ಇದ್ದ. ಅವಳ ಅಂಗಿಯ ಒದ್ದೆ ತೋಳು ನೋಡಿಯೇ ಅವಳು ಮೀನು ಹಿಡಿದಿದ್ದಾಳೆಂದು ಅವನಿಗೆ ಗೊತ್ತಾಯಿತು. ಎಷ್ಟು ಬಂತು ಓಲೀಟಾ ಎಂದು ಕೇಳಿದ.

"ಅಳೆದವರನ್ನ ಕೇಳಿ," ಅಂದಳು.

ಎಲ್ಲರೂ ನನ್ನ ಕಡೆ ತಿರುಗಿದರು. ಹಲಗೆಯ ಮೇಲೆ ನನ್ನ ಹೆಸರು ಎದುರಿಗೇ ಇತ್ತು. ಇಪ್ಪತ್ತು ಅಂದರೆ ಅದು ಅಲ್ಲೇ ಇರುತ್ತಿತ್ತು, ಯಾರೂ ಕೇಳುತ್ತಿರಲಿಲ್ಲ. ಗಾರ್ಲಂಡನ ಅಡುಗೆಮನೆಯಲ್ಲಿ ನಿಂತುಹೋದ ಕಥೆ ಯಾಕೋ ಕಿವಿಯಲ್ಲೇ ಇತ್ತು.

"ಇಪ್ಪತ್ತೊಂದೂ ಕಾಲು," ಅಂದೆ. "ಹಳ್ಳದಲ್ಲಿ ಇವಳಿಗೆ ಇಪ್ಪತ್ತು ಅಂದಿದ್ದೆ. ಕಣ್ತಪ್ಪಿನಿಂದ ಅಲ್ಲ."

ಯಾರೂ ನಗಲಿಲ್ಲ. ಗಾರ್ಲಂಡ್ ನನ್ನ ಹೆಸರನ್ನು ಅಳಿಸಿ ಅವಳ ಹೆಸರು ಬರೆದ, ಬೇಕಂತಲೇ ದೊಡ್ಡದಾಗಿ. ಸಂತೋಷವಾಯಿತು ಅಂದರೆ ಸುಳ್ಳಾಗುತ್ತದೆ. ಈಗಲೂ ಅಲ್ಲಿ ಕಾಫಿ ಕುಡಿಯುವಾಗ ಹಲಗೆಗೆ ಬೆನ್ನು ಹಾಕಿ ಕೂರುತ್ತೇನೆ.

ಮನೆಯ ದಾರಿಯಲ್ಲಿ, ಹಳ್ಳದಲ್ಲೇ ಗೊತ್ತಾಗಿತ್ತಾ ಎಂದು ಕೇಳಿದೆ.

"ಇಪ್ಪತ್ತಾರು ವರ್ಷ ಅಳತೆ ಪಟ್ಟಿ ಇಲ್ದೆ ಕಾಲರ್ ಹೊಲಿದಿದೀನಿ," ಅಂದಳು.

"ಮತ್ಯಾಕೆ ಸುಮ್ಮನಿದ್ದೆ?"

"ನೀನೇ ಹೇಳ್ತೀಯೇನೋ ಅಂತ. ಹೇಳದೇ ಇದ್ದಿದ್ರೆ, ಇನ್ನು ಊಟಕ್ಕೆ ಬಾ ಅನ್ನೋದೊಂದನ್ನ ಬಿಟ್ಟು ಇವನ ಹತ್ರ ಬೇರೆ ಮಾತೇ ಬೇಡ ಅಂತ ತೀರ್ಮಾನ ಮಾಡ್ಕೊಂಡಿದ್ದೆ."

ನಲವತ್ತೊಂದು ವರ್ಷ ಅವಳು ನನ್ನ ಹತ್ತಿರ ಹೆಚ್ಚುಕಡಿಮೆ ಅಷ್ಟೇ ಮಾತಾಡಿಕೊಂಡು ಬಂದಿದ್ದಳು.