ಗಂಗಾ ಕಪ್ಪೆ ಕೊಯ್ದಳು

ಹೋದ ತಿಂಗಳು ನಮ್ಮ ಅವ್ವ ಊಟ ಬಿಟ್ಟಳು. ಕಾರಣ, ಒಂದು ಕಪ್ಪೆ.

ಜಮಖಂಡಿಯ ನಮ್ಮ ಸಾಲಿಯ ಸೈನ್ಸ್ ಮಾಸ್ತರರು ಈ ಬೇಸಗೆ ಸೂಟಿಯಲ್ಲಿ ಏಳನೆಯ ಇಯತ್ತೆಯವರಿಗೆ ಒಂದು ಕ್ಲಾಸ್ ತೆಗೆದರು. ಪ್ರಾಣಿಯ ಒಳಗೇನಿದೆ ಎಂಬುದನ್ನು ಚಿತ್ರದಲ್ಲಲ್ಲ, ಕೊಯ್ದೇ ನೋಡುವ ಕ್ಲಾಸ್. ಸಂಸ್ಥಾನ ಹೋಗಿ ಮುಂಬಯಿ ರಾಜ್ಯ ಬಂದಮೇಲೆ ಏನೇನೋ ಹೊಸತು ನೋಡಿದ್ದೇವೆ, ಇದೂ ಒಂದು. ಹೆಸರು ಕೊಟ್ಟವರೆಲ್ಲ ಗಂಡುಹುಡುಗರು, ಒಬ್ಬಳ ಹೊರತು. ಆ ಒಬ್ಬಳು ನನ್ನ ಮಗಳು ಗಂಗಾ.

"ಲಿಂಗ ಕಟ್ಟಿಕೊಂಡವರ ಮನಿ ಇದು. ಇಲ್ಲಿ ಕಪ್ಪಿ ಕೊಯ್ಯೂದು ಕಲಿಸ್ತಿಯೇನು?" ಎಂದು ಅವ್ವ ನನಗೆ ಬೈದು, ಗೋಡೆಗೆ ಮುಖ ಮಾಡಿ ಮಲಗಿದಳು.

(ಅವಳು ಮಲಗಿದರೆ ನಮಗೆ ಹೆದರಿಕೆ. ಒಂದು ವರ್ಷದಿಂದ ಎದೆನೋವು. ದವಾಖಾನೆಗೆ ನಡಿ ಎಂದರೆ ಒಂದೇ ಮಾತು: "ಪರಗಂಡಸು ಎದಿ ಮುಟ್ಟಿ ನೋಡೂದಾ? ಸತ್ತರೂ ಬ್ಯಾಡ.")

ನಾನೇನು ಮಾಡಲಿ? ಅತ್ತ ತಾಯಿ, ಇತ್ತ ಮಗಳು. ಗಂಗಾ ಅಳಲಿಲ್ಲ, ಜಗಳವಾಡಲಿಲ್ಲ. ಅಜ್ಜಿಯ ಹಾಸಿಗೆಯ ಹತ್ತಿರ ಕುಳಿತು ಹೇಳಿದಳು:

"ಆಯಿ, ನೀನೂ ಬಾ. ನಾ ತಪ್ಪ ಮಾಡಾಕತ್ತೇನಿ ಅನಿಸಿದ್ರ ಅಲ್ಲೇ ಕೈ ಹಿಡದು ಎಳಕೊಂಡು ಬಾ. ಮತ್ತ ನಾ ಹೋಗಂಗಿಲ್ಲ."

ಅವ್ವ ಎದ್ದಳು. ಎಳೆದು ತರಲೆಂದೇ ಎದ್ದಳು, ಅನುಮಾನ ಬೇಡ.

ಹಿಂದೆ ನಾನೂ ಹೋದೆ; ನೋಡಲು ಬೇರೆ ಹುಡುಗರ ತಾಯಿತಂದೆಯರೂ ಬಂದಿದ್ದರು. ಕ್ಲಾಸಿನಲ್ಲಿ ಮೇಣ ತುಂಬಿದ ಟ್ರೇ. ಅದರ ಮೇಲೆ ಕ್ಲೋರೋಫಾರ್ಮ್ ಕೊಟ್ಟು ಮಲಗಿಸಿದ ಕಪ್ಪೆ. "ಯಾರು ಬರ್ತೀರಿ?" ಎಂದರು ಮಾಸ್ತರರು. ಮುಂದಿನ ಸಾಲಿನ ಶೂರರು ಒಬ್ಬರ ಮುಖ ಒಬ್ಬರು ನೋಡಿದರು. ಗಂಗಾ ಎದ್ದುಹೋಗಿ ಕತ್ತರಿ ಹಿಡಿದಳು.

ಕಣ್ಣಿಗೆ ಕತ್ತಲೆ ಬಂದು ನಾನು ಬಾಗಿಲು ಹಿಡಿದುಕೊಂಡೆ. (ಒಬ್ಬ ಹುಡುಗನ ತಂದೆ ಹೊರಗೆ ಹೋಗಿ ಕೂತೇಬಿಟ್ಟರು. ಅವರಿಗಿಂತ ನಾನೇ ವಾಸಿ.)

ಮಗಳು ಕೊಯ್ಯತೊಡಗಿದಳು. ಮೊದಲು ಚರ್ಮ, ಆಮೇಲೆ ಒಳಗಿನ ಪದರ. ನಡುವೆ ಕೆಂಪಗೆ, ಹುಣಸೆಬೀಜದಷ್ಟು ಪುಟ್ಟದೊಂದು ಇನ್ನೂ ಬಡಿಯುತ್ತಿತ್ತು.

"ಇದು ಹೃದಯ. ಇದರಾಗ ಮೂರು ಖೋಲಿ. ಮನುಷ್ಯಾರದರಾಗ ನಾಕು" ಎಂದಳು ಗಂಗಾ.

ಅವ್ವ ಮುಂದೆ ಬಂದಳು. ಮುಗಿಯಿತು ಕಥೆ ಎಂದುಕೊಂಡೆ. ಅವಳು ಟ್ರೇ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದಳು.

"ನಂದೂ ಹಿಂಗ ಬಡೀತೈತೇನ?"

"ಹೂಂ, ಆಯಿ. ಒಂದೇ ಸಮ ಬಡೀಬೇಕು."

"ನಂದು ಒಂದೇ ಸಮ ಬಡಿಯೂದಿಲ್ಲವ್ವಾ. ನಡುನಡುವ ತಪ್ಪತೈತಿ."

ಗಂಗಾ ಕತ್ತರಿ ಇಟ್ಟು, ಕೈ ತೊಳೆದು ಬಂದು, ಎಲ್ಲರೆದುರೇ ಅಜ್ಜಿಯ ಎದೆಗೆ ಕಿವಿ ಹಚ್ಚಿದಳು.

"ಖರೆ ಐತಿ, ಆಯಿ. ಡಾಕ್ಟರೂ ಹಿಂಗ ಕೇಳತಾರ, ಅಷ್ಟ. ನಾ ಬಾಜೂಕ ನಿಂತಿರತೇನಿ. ಹೋಗೂಣು?"

ನಾವೆಲ್ಲ ವರ್ಷವಿಡೀ ಕೈಮುಗಿದು ಪಡೆಯಲಾಗದ ಉತ್ತರ ಅವಳಿಗೆ ಸಿಕ್ಕಿತು.

"ನಡಿ."

ಮರುದಿನ ಹೋದೆವು. "ಇನ್ನೂ ತಡಾ ಮಾಡಿದ್ರ ಕಷ್ಟ ಇತ್ತು" ಎಂದರು ಡಾಕ್ಟರರು. ಈಗ ಗುಳಿಗೆ ನಡೆದಿದೆ, ಊಟ ನಡೆದಿದೆ, ನನಗೆ ಬೈಯುವುದೂ ಮೊದಲಿನ ಜೋರಿನಲ್ಲೇ ನಡೆದಿದೆ.

ಜಂಬ ಕೊಚ್ಚಿಕೊಳ್ಳಬಾರದು, ಗೊತ್ತು. ಆದರೆ ಮುಧೋಳದವರು ತಮ್ಮ ನಾಯಿಗಳನ್ನು ಊರೂರಲ್ಲಿ ಹೊಗಳಿಕೊಂಡು ತಿರುಗುವಾಗ, ನಾನು ನನ್ನ ಮಗಳ ಬಗ್ಗೆ ಒಂದು ಅಂಕಣ ಬರೆಯಬಾರದೇ?

ಮೊನ್ನೆ ಲೋಕಾಪುರದ ದೂರದ ಬಳಗದವರು ಬಂದಿದ್ದರು. ಚಾ ಕುಡಿದು, ತಮ್ಮ ಹುಡುಗನ ಹೊಲ ಮನೆ ವರ್ಣಿಸಿ, ಮೆಲ್ಲಗೆ ಗಂಗಾನ ಮಾತೆತ್ತಿದರು. ನಾನು ಬಾಯಿ ತೆಗೆಯುವ ಮೊದಲೇ ಅವ್ವ ಕೇಳಿದಳು:

"ಅದೆಲ್ಲಾ ಇರಲಿರಿ. ನಿಮ್ಮ ಹುಡುಗ ಒಂದಾದ್ರೂ ಕಪ್ಪಿ ಕೊಯ್ದಾನೇನು?"